ಠಾಣೆಯ ಕ್ಯಾಸೆಟ್ ಡಾಕ್ಟರಮ್ಮ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಪಾಲಾಗಿ ಬೆಳೆದಿತ್ತು. ನಾನು ಅವರಲ್ಲಿ ಮೊದಲು ಕಂಡದ್ದೇ ಅದನ್ನು. ಮುಂಬಯಿ ಪಕ್ಕದ ಠಾಣೆ ಊರಿನ ಹಳೇ ವಸತಿ ಸೊಸೈಟಿಯೊಂದರ ಮೂರನೇ ಮಾಳಿಗೆಯಲ್ಲಿ, ಸರಪಳಿ ತೆಗೆಯದೆ ನಾಲ್ಕು ಬೆರಳಿನಷ್ಟು ಮಾತ್ರ ತೆರೆದ ಬಾಗಿಲಿನ ಅಂಚನ್ನು ಆ ಹೆಬ್ಬೆರಳು ಹಿಡಿದುಕೊಂಡಿತ್ತು. ಅದರ ಮೇಲುಗಡೆ ದಪ್ಪ ಕನ್ನಡಕದ ಒಂದು ಗಾಜು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿತ್ತು.

ಕನ್ನಡ ಸಂಘದ ಲೈಬ್ರರಿ ನೋಡಿಕೊಳ್ಳುವವರು ಕಳಿಸಿದರು ಎಂದೆ. “ಚೀಟಿ ಅದ ಏನು?” ಎಂದರು. ಕೊಟ್ಟೆ. ಚೀಟಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು! ಐದು ನಿಮಿಷ ಹೊರಗೆ ನಿಂತೆ. ಎದುರು ಮನೆಯವರು ಇಣುಕಿ ನೋಡಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಸರಪಳಿ ಬಿಚ್ಚಿದ ಸದ್ದಾಯಿತು.

“ತಪ್ಪು ತಿಳಕೋಬ್ಯಾಡ್ರಿ. ನಾ ಯಾರನ್ನೂ ಲಗೂನ ನಂಬಂಗಿಲ್ಲ” ಎಂದರು.

“ನಾನೂ ಅಷ್ಟೇ” ಎಂದೆ.

ನಾನು ಠಾಣೆಯ ಒಂದು ಪೇಂಟ್ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಗೇಟ್ ಪಾಸ್ ಇಲ್ಲದೆ ಒಂದು ಖಾಲಿ ಡ್ರಮ್ಮೂ ಹೊರಗೆ ಹೋಗದಂತೆ ಕಾಯುವ ಕೆಲಸ. ಹದಿನೈದು ವರ್ಷ ಅದನ್ನೇ ಮಾಡಿದರೆ ಎದುರಿಗೆ ಬಂದವರ ಕಿಸೆಯ ಕಡೆಗೇ ಕಣ್ಣು ಹೋಗುತ್ತದೆ. ಮನೆಯಲ್ಲೂ ಬಿಡುತ್ತಿರಲಿಲ್ಲ. ಒಂದು ಚಮಚ ಕಾಣದಿದ್ದರೆ ಎರಡು ದಿನ ಅದೇ ರಾಗ. ನನ್ನ ಹೆಂಡತಿ ನಗುತ್ತ, “ಸ್ಟೋರ್ ಬಾಗಿಲು ಹಾಕಿ ಬನ್ನಿ ಮಾರಾಯ್ರೆ, ಇದು ಮನೆ” ಎನ್ನುತ್ತಿದ್ದಳು. ಆ ನಗು ನಿಂತು ಆಗ ಏಳು ತಿಂಗಳಾಗಿತ್ತು. ಮಾತೂ ನಿಂತಿತ್ತು.

ನಾವಿಬ್ಬರೂ ಉಡುಪಿ ಕಡೆಯವರು, ಇದ್ದದ್ದು ಡೊಂಬಿವಲಿಯಲ್ಲಿ. ಅವಳೂ ಠಾಣೆಯ ಒಂದು ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ದಿನಾ ಬೆಳಿಗ್ಗೆ ಒಂದೇ ಲೋಕಲ್ ರೈಲು, ಅವಳು ಹೆಂಗಸರ ಡಬ್ಬಿ, ನಾನು ಗಂಡಸರದ್ದು. ಒಂದು ದಿನ ಮುಂಬ್ರಾ ಸ್ಟೇಷನ್ ದಾಟುವಾಗ ಅವಳ ಪಕ್ಕದಲ್ಲೇ ಬಾಗಿಲಲ್ಲಿ ನಿಂತಿದ್ದ ಹೆಂಗಸು ಜಾರಿ ಬಿದ್ದು ತೀರಿಹೋದಳು. ದಿನಾ ಜೊತೆಗೆ ಹೋಗುತ್ತಿದ್ದ ಗೆಳತಿ. ನನಗೆ ಗೊತ್ತಿದ್ದದ್ದು ಇಷ್ಟೇ. ಇವಳು ಅಂದು ಮನೆಗೆ ಬಂದು ಮಲಗಿದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಮೊದಲು ಹೂಂ, ಊಹೂಂ ಇತ್ತು. ಆಮೇಲೆ ಅದೂ ಹೋಯಿತು. ಎದುರಿಗೆ ಮನುಷ್ಯರು ಕೂತರೆ ಗಂಟಲು ಬಿಗಿದು ಕುತ್ತಿಗೆಯ ನರ ಉಬ್ಬುತ್ತಿತ್ತು. ನಮ್ಮ ಫ್ಯಾಮಿಲಿ ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಬಂತು, ಮಾತು ಬರಲಿಲ್ಲ. “ಇವರ ಭಾಷೆಯಲ್ಲೇ ಯಾರಾದರೂ ಮಾತಾಡಿಸಬೇಕು” ಎಂದು ಅವರೂ ಕೈಚೆಲ್ಲಿದರು.

ಆ ಭಾಷೆಯವರೆಂದು ಸಿಕ್ಕಿದವರೇ ಇವರು. ಧಾರವಾಡದವರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮನಸ್ಸಿನ ಕಾಯಿಲೆಯವರನ್ನು ಮಾತಾಡಿಸುವ ಕೆಲಸ ಮಾಡಿ ರಿಟೈರ್ ಆಗಿದ್ದರು. ಔಷಧಿ ಬರೆಯುವ ಡಾಕ್ಟರಲ್ಲ, ಬಾಗಿಲಲ್ಲಿ ಬೋರ್ಡೂ ಇರಲಿಲ್ಲ. ಎರಡೂ ಮೊಣಕಾಲು ಹೋಗಿತ್ತು. ಲಿಫ್ಟ್ ಇಲ್ಲದ ಆ ಮಾಳಿಗೆಯಿಂದ ಕೆಳಗಿಳಿಯುವುದು ಅವರಿಂದ ಆಗುತ್ತಿರಲಿಲ್ಲ. ಇವಳು ಮನೆ ಬಿಡುವವಳಲ್ಲ. ನಮ್ಮ ಮನೆಗೆ ಫೋನ್ ಬಂದಿರಲಿಲ್ಲ. ಬಂದಿದ್ದರೂ ಮಾತಾಡುವವರು ಯಾರು?

“ಒಬ್ಬಾಕಿನೇ ಇದ್ದಾಗ ಮಾತಾಡ್ತಾಳೇನು?” ಎಂದು ಕೇಳಿದರು.

ಹೇಳಲು ನಾಚಿಕೆಯಾಯಿತು. ಒಂದು ದಿನ ಬೇಗ ಬಂದವನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೆ. ಒಳಗೆ ಅವಳು ಕುಕ್ಕರಿಗೋ ಗೋಡೆಗೋ ಏನೋ ಹೇಳುತ್ತಿದ್ದಳು. ನಾನು ಬೀಗದ ಕೈ ಹಾಕಿದ್ದೇ ನಿಂತಿತು.

“ಹಂಗಾರ ಆತು ಬಿಡ್ರಿ” ಎಂದು ಎದ್ದು, ಕಪಾಟಿನಿಂದ ಹೊಸ ಕ್ಯಾಸೆಟ್ ತೆಗೆದರು. “ಮನ್ಯಾಗ ಟೇಪ್ ಅದ? ಇದನ್ನ ಆಕೀಗೆ ಕೊಡ್ರಿ. ನೀವು ಡ್ಯೂಟಿಗೆ ಬಂದ ಮ್ಯಾಲೆ ಆಕಿ ಏನ್ ಬೇಕಾದ್ದು ಮಾತಾಡ್ಲಿ. ಸೋಮವಾರ ತಂದು ಕೊಡ್ರಿ, ಆಕಿ ಬಿಟ್ಟಲ್ಲಿಂದ ಮುಂದ ನಾ ಮಾತಾಡಿ ಗುರುವಾರ ಕೊಡ್ತೇನಿ. ಆದ್ರ ನೋಡ್ರಿ, ಇದನ್ನ ಮೂರನೇ ಕಿವಿ ಕೇಳಬಾರದು.”

ಫೀಸೆಷ್ಟು ಎಂದೆ. ಈಗ ಬೇಡ ಎಂದರು. ಫೀಸು ಬೇಡ ಎನ್ನುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಎಲ್ಲಿಯಾದರೂ ಕ್ಯಾಸೆಟ್ಟಿನಲ್ಲಿ ಕಾಯಿಲೆ ವಾಸಿಯಾಗುತ್ತದೆಯೇ! ಮನೆಯಲ್ಲಿ ಗಂಡ ಇದ್ದ ಲಕ್ಷಣವೇ ಕಾಣಲಿಲ್ಲ. ಇಂಥವರು ಇನ್ನೊಬ್ಬರ ಹೆಂಡತಿಯ ಕಿವಿಗೆ ಏನು ಊದುತ್ತಾರೋ ಎಂದುಕೊಂಡೇ ಮೆಟ್ಟಿಲಿಳಿದೆ. ಅವತ್ತಿನಿಂದ ಅವರಿಗೆ ‘ಕ್ಯಾಸೆಟ್ ಡಾಕ್ಟರಮ್ಮ’ ಎಂದು ಹೆಸರಿಟ್ಟೆ. ಗೌರವಕ್ಕೆ ಇಟ್ಟದ್ದಲ್ಲ.

ಮೊದಲ ಎರಡು ಸೋಮವಾರ ಖಾಲಿ ಕ್ಯಾಸೆಟ್ಟೇ ಹೋಗಿ ಬಂತು. ಮೂರನೆಯ ಸೋಮವಾರ ಅವಳು ಅದನ್ನು ನನ್ನ ಊಟದ ಚೀಲದಲ್ಲಿ ತಾನೇ ಇಟ್ಟಿದ್ದಳು, ಕರವಸ್ತ್ರದಲ್ಲಿ ಸುತ್ತಿ. ಅಂದರೆ ಮಾತಾಡಿದ್ದಾಳೆ! ಲೋಕಲಿನಲ್ಲಿ ನನಗೆ ನಿಂತ ನೆಲ ನಿಂತಂತಿರಲಿಲ್ಲ. ಏಳು ತಿಂಗಳು ಅನ್ನ ಬೇಯಿಸಿ ಹಾಕಿದ್ದೇನೆ, ತಲೆ ಬಾಚಿದ್ದೇನೆ, ಎದುರಿಗೆ ಕೂತು ಗೋಗರೆದಿದ್ದೇನೆ. ನನಗೆ ಒಂದು ಶಬ್ದ ಇಲ್ಲ. ಮುಖ ಕಾಣದ ಒಬ್ಬ ಮುದುಕಿಗೆ ಕ್ಯಾಸೆಟ್ ತುಂಬ ಮಾತೇ? ಏನಂತೆ? ಯಾರ ಬಗ್ಗೆಯಂತೆ?

ಡಾಕ್ಟರಮ್ಮ ಪ್ರತಿ ಸೋಮವಾರ ಬಾಗಿಲಲ್ಲೇ ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದರು: “ಯಾರೂ ಕೇಳಿಲ್ಲಲ್ಲಾ?”

“ಇಲ್ಲ” ಎನ್ನುತ್ತಿದ್ದೆ. ಐದನೆಯ ವಾರದವರೆಗೆ ಅದು ನಿಜವೂ ಆಗಿತ್ತು.

ಆರನೆಯ ವಾರ ತಡೆಯಲಾಗಲಿಲ್ಲ. ನಮ್ಮ ಸ್ಟೋರಿನಲ್ಲಿ ಹಮಾಲರು ಹಾಡು ಕೇಳಲೆಂದು ಇಟ್ಟುಕೊಂಡಿದ್ದ ಒಂದು ಹಳೇ ಟೇಪ್ ರೆಕಾರ್ಡರ್ ಇತ್ತು. ಸೋಮವಾರ ಊಟದ ಹೊತ್ತಿಗೆ ಒಳಗಿನಿಂದ ಅಗುಳಿ ಹಾಕಿ, ಟರ್ಪೆಂಟೈನ್ ಡ್ರಮ್ಮುಗಳ ಮಧ್ಯೆ ಕೂತು ಕ್ಯಾಸೆಟ್ ಹಾಕಿದೆ. ಮೊದಲು ಬಂದದ್ದು ಡಾಕ್ಟರಮ್ಮನ ದನಿ. “ಈಗ ನನ್ನ ಕಿಡಕ್ಯಾಗ ಒಂದು ಕಾಗಿ ಬಂದು ಕೂತದ. ಬಾಯಾಗ ತಂತಿ ತುಣುಕು ಹಿಡಕೊಂಡದ. ಗೂಡು ಕಟ್ಟತದೋ ಏನೋ. ನಿಮ್ಮ ಕಿಡಕ್ಯಾಗ ಏನದ ನೋಡಿ ಹೇಳ್ರಿ.” ಆಮೇಲೆ, “ಈಗ ನಾ ಎರಡು ನಿಮಿಷ ಸುಮ್ಮ ಕೂಡತೇನಿ. ನೀವೂ ನನ್ನ ಕೂಡ ಸುಮ್ಮ ಕೂಡ್ರಿ.” ಅಷ್ಟೇ! ಎರಡು ನಿಮಿಷ ಬರೀ ಟೇಪ್ ತಿರುಗುವ ಸದ್ದು, ನಡುವೆ ಒಂದು ಕೆಮ್ಮು. ಎಲಾ ಇವರ, ಸುಮ್ಮನೆ ಕೂರುವುದಕ್ಕೂ ಚಿಕಿತ್ಸೆ ಎನ್ನುತ್ತಾರಲ್ಲ, ಇದಕ್ಕಾಗಿ ನಾನು ವಾರಕ್ಕೆರಡು ಸಲ ಮೂರು ಮಾಳಿಗೆ ಹತ್ತಬೇಕೇ ಎಂದು ಸಿಟ್ಟು ಬಂತು.

ಅದರ ಹಿಂದೆಯೇ ನನ್ನ ಹೆಂಡತಿಯ ದನಿ ಬಂತು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಅದೇ ದನಿ, ಸ್ವಲ್ಪ ಒರಟಾಗಿತ್ತು ಅಷ್ಟೆ. ಕಿಟಕಿಯಲ್ಲಿ ಎದುರಿನವರ ಸೀರೆ ಒಣಗ್ತಾ ಉಂಟು ಎಂದಳು. ನಿಂತಳು. ಮತ್ತೆ ಹೇಳಿದಳು.

“ಅಕ್ಕಾ, ಅವಳು ಕೈ ಚಾಚಿದ್ದಳು. ನನ್ನ ಒಂದು ಕೈಯಲ್ಲಿ ಕಂಬ ಇತ್ತು, ಇನ್ನೊಂದರಲ್ಲಿ ಊಟದ ಡಬ್ಬಿ. ಡಬ್ಬಿ ಬಿಟ್ಟಿದ್ರೆ ಅವಳ ಕೈ ಸಿಗ್ತಿತ್ತು. ನಾನು ಬಿಡ್ಲಿಲ್ಲ. ಹೊಸ ಡಬ್ಬಿ, ಕಳ್ಕೊಂಡ್ರೆ ಇವ್ರು ಬೈತಾರೆ ಅಂತ ತಲೆಗೆ ಬಂತು. ಅಷ್ಟೊತ್ತಿಗೆ ಅವಳು ಇರ್ಲಿಲ್ಲ.”

ನಾನು ತಪ್ಪಾಗಿ ಕೇಳಿದೆನೇನೋ ಎಂದುಕೊಂಡೆ. ಇವ್ರು ಅಂದರೆ ಯಾರು? ನಾನೇ. ಆ ಅಪಘಾತದ ಹಿಂದಿನ ವಾರವಷ್ಟೇ ಅವಳು ಹಳೇ ಡಬ್ಬಿಯ ಮುಚ್ಚಳ ಕಳೆದುಕೊಂಡಿದ್ದಳು, ನಾನು ಮೂರು ದಿನ ಅದನ್ನೇ ಎತ್ತಿ ಆಡಿದ್ದೆ. ಇನ್ನೊಂದು ಸಲ ಕೇಳಬೇಕೆಂದು ಟೇಪನ್ನು ಹಿಂದಕ್ಕೆ ತಿರುಗಿಸಿದೆ. ಆಗಲೇ ಹೊರಗಿನಿಂದ ಹಮಾಲ ಬಾಗಿಲು ಬಡಿದ. ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿ ಎದ್ದೆ. ಡ್ರಮ್ ಒಳಗೆ ಬಂತು, ಗೇಟ್ ಪಾಸ್ ಬರೆದುಕೊಟ್ಟೆ, ಅವನು ಹೋದ. ತಿರುಗಿ ನೋಡುತ್ತೇನೆ, ಒತ್ತಿದ್ದು ಕೆಂಪು ಗುಂಡಿ! ಆ ಹಳೇ ಯಂತ್ರದಲ್ಲಿ ಕೆಂಪು ಗುಂಡಿ ಒತ್ತಿದರೆ ಪಕ್ಕದ್ದೂ ತಾನಾಗಿ ಕೆಳಗೆ ಹೋಗಿ ರೆಕಾರ್ಡಿಂಗ್ ಶುರುವಾಗುತ್ತಿತ್ತು. ಅವಳು ಹೇಳಿದ್ದ ಜಾಗದಲ್ಲಿ ಈಗ ಡ್ರಮ್ ಉರುಳುವ ಸದ್ದು, ಮೇಲೆ ನನ್ನ ಗಂಟಲು: “ಏ, ಅಲ್ಲಿ ಅಲ್ಲ ಮಾರಾಯ, ಗೋಡೆ ಬದಿಗೆ ಇಡು!”

ಏಳೆಂಟು ತಿಂಗಳು ಗಂಟಲಲ್ಲಿ ಹೂತಿಟ್ಟದ್ದನ್ನು ಅವಳು ಒಂದೇ ಒಂದು ಸಲ ಹೊರಗೆ ಹಾಕಿದ್ದಳು. ಅದನ್ನು ನಾನು ಒರೆಸಿ ಹಾಕಿದ್ದೆ.

ಆದರೂ ನನ್ನ ಬುದ್ಧಿ ನೋಡಿ. ಸಂಜೆ ಏನೂ ಆಗದವನಂತೆ ಕ್ಯಾಸೆಟ್ ಕೊಟ್ಟೆ. “ಯಾರೂ ಕೇಳಿಲ್ಲಲ್ಲಾ?” ಎಂದರು. “ಇಲ್ಲ” ಎಂದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳಲಿ, ಯಾವುದೋ ಹಳೇ ಕ್ಯಾಸೆಟ್ ಎಂದುಕೊಳ್ಳಲಿ ಎಂದು ಮೂರು ದಿನ ದೇವರಿಗೆ ಕೈ ಮುಗಿದೆ.

ಗುರುವಾರ ಹೋದಾಗ ಸರಪಳಿ ಮೊದಲೇ ತೆಗೆದಿತ್ತು. “ಒಳಗ ಬರ್ರಿ, ಕೂಡ್ರಿ” ಎಂದರು. ಅವರ ಟೇಪ್ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಪಕ್ಕದ ಮನೆಗೆ ಕೇಳಿಸಬಾರದೆಂದು ಅವರು ಕಿಟಕಿ ಮುಚ್ಚಿ, ಕುರ್ಚಿ ಹಾಕಿಕೊಂಡು ಅಲ್ಲೇ ಕೂತು ಕೇಳುವುದಂತೆ. ಗುಂಡಿ ಒತ್ತಿದರು. ಡ್ರಮ್ ಉರುಳಿತು. ನನ್ನ ದನಿ ಕಿರುಚಿತು. ನಾನು ತಲೆ ತಗ್ಗಿಸಿದೆ.

ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. “ಅಳಿಸೂದಕ್ಕಿಂತ ಮೊದಲು ಕೇಳೀರೇನು?” ಎಂದರು.

“ಕೇಳಿದೆ.”

“ಆಕಿ ಹೇಳಿದ್ದು ಕೇಳಿದಾಂವ ಈ ಜಗತ್ತಿನಾಗ ನೀವೊಬ್ರಽ ಈಗ. ಹೇಳ್ರಿ, ಏನಿತ್ತದರಾಗ?”

ಗೆಳತಿ ಕೈ ಚಾಚಿದ್ದು ಹೇಳಿದೆ. ಒಂದು ಕೈಯಲ್ಲಿ ಕಂಬ ಇದ್ದದ್ದು ಹೇಳಿದೆ, ಇನ್ನೊಂದರಲ್ಲಿ ಡಬ್ಬಿ ಇದ್ದದ್ದು, ಅದನ್ನು ಬಿಡದೇ ಇದ್ದದ್ದು ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಮುಂದಿನ ಒಂದು ವಾಕ್ಯ ಈ ಮುದುಕಿಗೆ ಯಾಕೆ? ಟೇಪಿನಲ್ಲಿ ಇಲ್ಲ. ಹೆಂಡತಿ ಮಾತಾಡುವುದಿಲ್ಲ. ನಾನು ಹೇಳದಿದ್ದರೆ ಆ ವಾಕ್ಯ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ.

“ಆಮ್ಯಾಲೆ?” ಎಂದರು.

“ಅಷ್ಟೇ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಗೇಟಿನಲ್ಲಿ ಚೀಲ ಊದಿಕೊಂಡ ಕೂಲಿಯವನನ್ನು ನಾನು ನೋಡುತ್ತಿದ್ದುದು ಹಾಗೆಯೇ. “ಆಮ್ಯಾಲೆ?” ಎಂದು ಮತ್ತೆ ಕೇಳಿ ಸುಮ್ಮನಾದರು. ಆ ಸುಮ್ಮನಿರುವುದು ಟೇಪಿನಲ್ಲಿ ಕೇಳಿದಾಗ ಮೋಸ ಎನಿಸಿತ್ತು. ಎದುರಿಗೆ ಕೂತಾಗ ಅದರ ಭಾರ ತಿಳಿಯಿತು. ಎಷ್ಟು ಹೊತ್ತೋ ಗೊತ್ತಿಲ್ಲ, ಕೊನೆಗೆ ನನ್ನ ಬಾಯಿಂದಲೇ ಬಿತ್ತು: “ಡಬ್ಬಿ ಕಳ್ಕೊಂಡ್ರೆ ನಾನು ಬೈತೇನೆ ಅಂತ ಬಿಡ್ಲಿಲ್ಲವಂತೆ.”

ಹೇಳಿ ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಭುಜ ತಟ್ಟಲಿಲ್ಲ. ನಾನು ಮುಗಿಸಿದ ಮೇಲೆ ತಟ್ಟೆಯಲ್ಲಿ ಒಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿ ಮುಂದಿಟ್ಟರು.

“ಆಕಿ ಕೈಯ್ಯಾಗಿಂದು ಬಿಡಲಿಲ್ಲ, ಖರೇ. ನೀವು ಬೈತಿದ್ರಿ, ಅದೂ ಖರೇ. ಆದ್ರ ಆ ಹೆಣ್ಮಗಳನ್ನ ನೀವೂ ಕೊಂದಿಲ್ಲ, ಆಕಿನೂ ಕೊಂದಿಲ್ಲ. ಒಂದು ಚಣದಾಗ ಕೈ ಬಿಡೂದು ಹಿಡಿಯೂದು ಯಾರ ಕೈಯ್ಯಾಗೂ ಇರಂಗಿಲ್ಲ. ಇದನ್ನ ಆಕೀಗೆ ತಿಳಿಸಲಿಕ್ಕೆ ನನಗ ವರ್ಷ ಬೇಕು. ನೀವು ಅದರಾಗ ಕೈ ಹಾಕಿದ್ರಿ.” ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದರು: “ಅಳಿಸಿದ್ದು ನೀವಽ ಹೇಳ್ರಿ. ನಾ ಹೇಳಂಗಿಲ್ಲ.”

“ಹೇಳಿದರೆ ಇನ್ನು ಮಾತೇ ಆಡಲಿಕ್ಕಿಲ್ಲ ಅವಳು.”

“ಆಡಲಿಕ್ಕಿಲ್ಲ. ಆದ್ರೂ ಹೇಳ್ರಿ. ಸುಳ್ಳಿನ ಮ್ಯಾಲೆ ನಾ ಔಷಧ ಹಚ್ಚಂಗಿಲ್ಲ.”

ಅಂದು ರಾತ್ರಿಗೂ ಕಾಯಲಿಲ್ಲ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ, ಕುಳಿತರೆ ಧೈರ್ಯ ಹೋಗುತ್ತದೆಂದು. ಕದ್ದು ಕೇಳಿದೆ. ಎಲ್ಲ ಕೇಳಿದೆ, ಡಬ್ಬಿಯದ್ದೂ. ಕೇಳುವಾಗ ಅಳಿಸಿ ಹೋಯಿತು. ಅವಳು ತರಕಾರಿ ಹೆಚ್ಚುತ್ತಿದ್ದಳು. ಕೈ ನಿಂತಿತು. ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಮತ್ತೆ ಹೆಚ್ಚತೊಡಗಿದಳು.

ಮುಂದಿನ ಸೋಮವಾರ ಚೀಲದಲ್ಲಿ ಕ್ಯಾಸೆಟ್ ಇರಲಿಲ್ಲ. ಅದರ ಮುಂದಿನದೂ ಇಲ್ಲ. ನಾನು ಬರಿಗೈಯಲ್ಲಿ ಠಾಣೆಯ ಮೂರು ಮಾಳಿಗೆ ಹತ್ತುತ್ತಿದ್ದೆ, “ಇಲ್ಲ” ಎಂದು ಹೇಳಲು. “ಇರ್ಲಿ, ಬರ್ರಿ ಮುಂದಿನ ವಾರ” ಎನ್ನುತ್ತಿದ್ದರು. ಕೆಡಿಸಿದೆ, ಎಲ್ಲ ನಾನೇ ಕೆಡಿಸಿದೆ ಎಂದು ಮೆಟ್ಟಿಲು ಇಳಿಯುತ್ತಿದ್ದೆ. ನಾಲ್ಕನೆಯ ಸೋಮವಾರ ಬೆಳಿಗ್ಗೆ ಚೀಲದಲ್ಲಿ ಕ್ಯಾಸೆಟ್ ಸಿಕ್ಕಿತು. ಕ್ಯಾಸೆಟ್ಟಿನ ಡಬ್ಬಿಯ ಸುತ್ತ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಬಿಗಿಯಾಗಿ ಸುತ್ತಿ, ಪಟ್ಟಿ ಮುಗಿದಲ್ಲಿ ಪೆನ್ನಿನಿಂದ ಅಡ್ಡ ಗೆರೆ ಎಳೆದಿದ್ದಳು. ಬಿಚ್ಚಿದರೆ ಗೊತ್ತಾಗಬೇಕು! ಸ್ಟೋರಿನಲ್ಲಿ ನಾನು ಸೀಲ್ ಹಾಕುವುದೂ ಹಾಗೆಯೇ. ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿ ಜೋರಾಗಿ ನಕ್ಕರು. ಅವರು ನಕ್ಕದ್ದು ನಾನು ಕಂಡದ್ದು ಅದೇ ಮೊದಲು. “ನಿಮ್ಮ ಮ್ಯಾಲೆ ಸಿಟ್ಟು ಬಂದದ ಆಕೀಗೆ. ಛಲೋ ಆತು” ಎಂದರು.

ಎರಡು ವರ್ಷ ಹಾಗೆ ಕ್ಯಾಸೆಟ್ ಹೊತ್ತೆ. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿಲ್ಲ. ಅನುಮಾನ ಹೋಗಿತ್ತೆಂದು ಸುಳ್ಳು ಹೇಳುವುದಿಲ್ಲ. ಒಮ್ಮೆ ಅವರ ಮನೆಯಲ್ಲಿ ವಾಶಿ ಮಾರ್ಕೆಟ್ಟಿನ ಹಮಾಲನೊಬ್ಬ, ಕಲಬುರಗಿಯವನು, ತನ್ನ ತಮ್ಮನ ಕ್ಯಾಸೆಟ್ ಹಿಡಿದು ಕೂತಿದ್ದ. ನಮ್ಮ ಕ್ಯಾಸೆಟ್ ಎಲ್ಲಿಯಾದರೂ ಅವನ ಕೈಗೆ ಹೋದರೆ? ಅದನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕಪಾಟು ತೆರೆದು ತೋರಿಸಿದರು. ಒಬ್ಬೊಬ್ಬರದು ಒಂದೊಂದು ಬಟ್ಟೆಯ ಚೀಲ, ಹೆಸರಿಲ್ಲ. “ಕೇಳಬೇಕು ಹಿಂಗ. ನಿಮ್ಮ ಸಂಶೇದ ಬುದ್ಧಿ ಕೆಟ್ಟದಲ್ರಿ. ಅದನ್ನ ಬಾಯಿ ಬಿಟ್ಟು ಕೇಳ್ರಿ. ಕದ್ದು ಕೇಳಬ್ಯಾಡ್ರಿ, ಅಷ್ಟಽ” ಎಂದರು. ನನ್ನ ಜನ್ಮದಲ್ಲಿ ನನ್ನ ಕಸುಬಿನ ಬುದ್ಧಿಯನ್ನು ಕೆಟ್ಟದಲ್ಲ ಎಂದವರು ಅವರೊಬ್ಬರೇ.

ಹೆಂಡತಿಯ ಮಾತು ಬಂದದ್ದು ಊಟದ ಹೊತ್ತಿನಲ್ಲಿ. “ಉಪ್ಪು ಹೆಚ್ಚಾಯ್ತಾ?” ಎಂದಳು. ಆಗಿತ್ತು. “ಇಲ್ಲ, ಇಲ್ಲ!” ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಅವಳು ಬೆಚ್ಚಿದಳು. ಆಮೇಲೆ ತರಕಾರಿಯವನ ಹತ್ತಿರ ಮಾತಾಡಿದಳು, ಮನೆ ಕೆಳಗಿಳಿದಳು, ಮಾರ್ಕೆಟ್ಟಿಗೆ ಹೋದಳು. ಸ್ಟೇಷನ್ನಿನ ಸೇತುವೆಯವರೆಗೆ ಬಂದು ತಿರುಗುತ್ತಿದ್ದಳು. ರೈಲು ಮಾತ್ರ ಇಲ್ಲ. ಡಾಕ್ಟರಮ್ಮನ ಮುಖವನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಒಂದು ಕಾರ್ಡು ಬಂತು, ಕೆಲವು ತಿಂಗಳಿಂದ ಡಾಕ್ಟರಮ್ಮನ ಜೊತೆ ಬಂದು ಇದ್ದ ಅವರ ತಂಗಿ ಬರೆದದ್ದು. ಅಕ್ಕ ತೀರಿಕೊಂಡಳು, ಹೃದಯ ನಿಂತಿತು, ಯಾರ ಚೀಲ ಯಾವುದೆಂದು ನನಗೆ ಹೇಳಿದ್ದಳು, ನಿಮ್ಮ ಮನೆಯವರದೂ ಇದೆ, ಬಂದು ಒಯ್ಯಬೇಕು ಎಂದಿತ್ತು. ಓದಿ ಹೇಳಿದೆ. ಹೆಂಡತಿ ಕಾರ್ಡು ತೆಗೆದುಕೊಂಡು ತಾನೂ ಓದಿದಳು. ಎದ್ದು ಸೀರೆ ಬದಲಿಸಿ ಬಂದು, “ನಡೀರಿ, ನಾನೂ ಬರ್ತೇನೆ” ಎಂದಳು.

“ರೈಲಲ್ಲಿ?”

“ಮತ್ತೆ, ನಡ್ಕೊಂಡು ಹೋಗ್ಲಿಕ್ಕಾಗ್ತದಾ?”

ಹೆಂಗಸರ ಡಬ್ಬಿಗೆ ಅವಳು ಹತ್ತಿದ್ದನ್ನು ನೋಡಿ ನಾನು ಪಕ್ಕದ್ದಕ್ಕೆ ಹಾರಿದೆ. ಮುಂಬ್ರಾ ಬಂತು. ಬಾಗಿಲಲ್ಲಿ ತಲೆ ಹೊರಹಾಕಿ ನೋಡಿದೆ, ಏನೂ ಕಾಣಲಿಲ್ಲ. ಬಿದ್ದಿರಬಹುದು, ಹಾರಿರಬಹುದು, ಗಂಟಲು ಕಟ್ಟಿ ಕೂತಿರಬಹುದು. ನನ್ನ ತಲೆ ಏನೇನು ಹೇಳಬೇಕೋ ಎಲ್ಲ ಹೇಳಿತು. ಠಾಣೆಯಲ್ಲಿ ಜನರನ್ನು ನೂಕಿಕೊಂಡು ಓಡಿದೆ. ಅವಳು ಪ್ಲಾಟ್‌ಫಾರ್ಮಿನಲ್ಲಿ ಯಾವುದೋ ಹುಡುಗಿಯ ಹೆಗಲು ಹಿಡಿದು ರೈಲಿನ ಬಾಗಿಲ ಕಡೆ ಕೈ ತೋರಿಸಿ ಮರಾಠಿಯಲ್ಲಿ ಏನೋ ಹೇಳುತ್ತಿದ್ದಳು. ಹುಡುಗಿ ತಲೆ ಆಡಿಸಿ ಹೋದಳು.

“ಅವಳ ಹತ್ರ ಎಂತ ಹೇಳಿದ್ದು?” ಎಂದೆ.

“ನಿಮಗೆಂತಕ್ಕೆ ಅದು?” ಎಂದಳು. ಕಣ್ಣು ಕೆಂಪಾಗಿತ್ತು.

ಆ ಮನೆಯಲ್ಲಿ ಗೋಡೆಯ ಮೇಲಿನ ಡಾಕ್ಟರಮ್ಮನ ಫೋಟೋದ ಎದುರು ಅವಳು ನಿಂತಳು. “ಇಷ್ಟು ಸಣ್ಣ ಜೀವವಾ?” ಎಂದು ಒಂದೇ ಮಾತು. ತಂಗಿ ಬಟ್ಟೆಯ ಚೀಲ ತಂದು ನನ್ನ ಕಡೆ ಚಾಚಿದರು, ನೋಡಿ ಗೊತ್ತಿದ್ದವನು ನಾನೇ ಅಲ್ಲವೇ. ನಾನು ಕೈ ಹಿಂದೆ ಕಟ್ಟಿಕೊಂಡೆ. “ಅವಳದ್ದು, ಅವಳಿಗೇ ಕೊಡಿ” ಎಂದೆ. ಹೆಂಡತಿ ತೆಗೆದುಕೊಂಡಳು. ಹತ್ತು ಹದಿನೈದು ಕ್ಯಾಸೆಟ್ ಇದ್ದಿರಬೇಕು, ಚೀಲ ಭಾರಕ್ಕೆ ಜೋತಿತ್ತು.

ತಿರುಗಿ ಬರುವಾಗ ಠಾಣೆ ಸ್ಟೇಷನ್ನಿನಲ್ಲಿ ಸಂಜೆಯ ಗರ್ದಿ. ಕಲ್ಯಾಣ್ ಲೋಕಲ್ ಒಳಗೆ ಬರುತ್ತಿತ್ತು. ಅವಳು ಹೆಂಗಸರ ಡಬ್ಬಿಯ ಕಡೆ ನಾಲ್ಕು ಹೆಜ್ಜೆ ಹೋದವಳು ನಿಂತು, ಹಿಂದೆ ಬಂದು, ಚೀಲವನ್ನು ನನ್ನ ಕೈಗೆ ತುರುಕಿದಳು.

“ನೀವು ಹಿಡ್ಕೊಳ್ಳಿ ಇದನ್ನು. ನನಗೆ ಎರಡೂ ಕೈ ಬೇಕು.”

ಅಷ್ಟು ಹೇಳಿ ಜನರ ನಡುವೆ ನುಗ್ಗಿ ಹೋದಳು. ನಾನು ಡೊಂಬಿವಲಿಯವರೆಗೆ ಆ ಚೀಲವನ್ನು ಎದೆಗೆ ಅವಚಿಕೊಂಡು ನಿಂತೆ. ಯಾರೋ ಮೊಣಕೈಯಲ್ಲಿ ತಿವಿದರು, ಯಾರೋ ಕಾಲು ತುಳಿದು ಬೈದರು. ಇಳಿದು ಅವಳಿಗೆ ಕೊಟ್ಟೆ. ಅವಳು ಚೀಲದ ಬಾಯಿ ಬಿಚ್ಚಿ ಒಳಗೆ ನೋಡಲೂ ಇಲ್ಲ, ಹೆಗಲಿಗೆ ಹಾಕಿಕೊಂಡು ಸೊಪ್ಪಿನವಳ ಹತ್ತಿರ ಬಸಳೆ ಉಂಟಾ ಎಂದು ಕೇಳಲು ಹೋದಳು.